ಹಿಂದಿನ ಸೀಟಿನ ಸಂದಿ

ಮೊದಲನೆಯ ಜಿರಳೆ ಕಾಣಿಸಿಕೊಂಡದ್ದು ಸಂತ ಅಂತೋನಿಯವರ ತಲೆಯ ಮೇಲೆ.

ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಬೆರಳುದ್ದದ ಪ್ರತಿಮೆ ಅದು. ಮಣಿಪಾಲದ ಆಸ್ಪತ್ರೆಯ ಹತ್ತಿರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಜೆಟನ್ ತನ್ನ ಅಂಬಾಸಿಡರಿನೊಳಗೆ ಕೂತು, ಟಿಫಿನ್ ಕ್ಯಾರಿಯರಿನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಕಲಸುತ್ತಿದ್ದ. ತಲೆ ಎತ್ತಿದರೆ ಸಂತರ ಮುಡಿಯ ಮೇಲೆ ಎರಡು ಮೀಸೆ ಆಡುತ್ತಿವೆ. "ಥತ್ ನಿನ್ನ!" ಎಂದು ಚಪ್ಪಲಿ ಎತ್ತಿದವನಿಗೆ ಸಂತರ ಮೇಲೆ ಹೊಡೆಯುವುದು ಹೇಗೆಂದು ತಿಳಿಯದೆ ಕೈ ಹಾಗೆಯೇ ನಿಂತಿತು. ಅಷ್ಟರಲ್ಲಿ ಅದು ಡ್ಯಾಶ್‌ಬೋರ್ಡಿನ ಬಿರುಕಿನೊಳಗೆ ಹೋಗಿಯೂ ಆಯಿತು. ಎಂಬತ್ತಮೂರನೇ ಇಸವಿಯ ದೀಪಾವಳಿ ಕಳೆದ ಮೇಲಿನ ಮಾತು ಇದು.

ಮನೆ ಇಲ್ಲದೆ ಕಾರಿನಲ್ಲಿ ಉಣ್ಣುವವನಲ್ಲ ಅವನು. ಹಿರಿಯಡ್ಕ ಪೇಟೆ ದಾಟಿದರೆ ಅವನದೇ ಹಂಚಿನ ಮನೆ ಇತ್ತು, ಅಡುಗೆಮನೆಯಲ್ಲಿ ಮೇಜಿತ್ತು, ಮೇಜಿಗೆ ಎರಡು ಕುರ್ಚಿಗಳಿದ್ದವು. ಆ ಎರಡನೆಯ ಕುರ್ಚಿಯೇ ತೊಂದರೆ. ಮೂರು ವರ್ಷದ ಹಿಂದೆ ಅವನ ಹೆಂಡತಿ ಬರ್ತಾ ತೀರಿಕೊಂಡಳು. ಮಕ್ಕಳಿರಲಿಲ್ಲ. ಬರ್ತಾ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ನೆರೆಯವರು ಮೂಗು ಮುರಿದರೆ ಮುರಿಯಲಿ ಎನ್ನುವ ಹೆಂಗಸು. ಬಾಗಿಲಲ್ಲಿ ನಿಂತು "ಕಜೆಟನ್, ಜೆವಾಣ್!" ಎಂದು ಕೂಗುವಳು. ಊಟಕ್ಕೆ ಬನ್ನಿ ಎನ್ನುವುದಕ್ಕೆ ಕೊಂಕಣಿಯಲ್ಲಿ ಅಷ್ಟು ಸಾಕು. ಇವನು ಬಾನೆಟ್ಟಿನೊಳಗೆ ತಲೆ ಹುಗಿದುಕೊಂಡೇ "ಆಯ್ಲೊಂ" ಎನ್ನುವನು. ಬಂದೆ ಎಂದು ಅದರ ಅರ್ಥ. ಬರುತ್ತಿದ್ದದ್ದು ಹದಿನೈದು ನಿಮಿಷದ ಮೇಲೆ, ಆ ಮಾತು ಬೇರೆ.

ಅವಳು ಹೋದ ಮೇಲೆ ಅವನು ಆ ಮೇಜಿನಲ್ಲಿ ಎರಡು ಸಲ ಕೂತು ನೋಡಿದ. ಎರಡು ಸಲವೂ ಅರ್ಧಕ್ಕೇ ಬಿಟ್ಟು ಎದ್ದ. ಮೂರನೆಯ ದಿನದಿಂದ ಬೆಳಿಗ್ಗೆಯೇ ಬೇಯಿಸಿ, ಕ್ಯಾರಿಯರಿಗೆ ತುಂಬಿಸಿ, ಮೂರು ಹೊತ್ತೂ ಕಾರಿನಲ್ಲೇ ಉಂಡ. ಕಾರಿನೊಳಗೆ ಒಬ್ಬನೇ ಕೂತು ಉಂಡರೆ ಅದನ್ನು ಡ್ಯೂಟಿ ಎನ್ನಬಹುದು ನೋಡಿ. ಮನೆಯಲ್ಲಿ ಒಬ್ಬನೇ ಕೂತು ಉಂಡರೆ ಅದಕ್ಕೆ ಬೇರೆ ಹೆಸರಿಲ್ಲ.

ಹೆಸರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬರ್ತಾ ಹೋದ ಮೇಲೆ ಅವನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಉಳಿಯಲಿಲ್ಲ. ಸ್ಟ್ಯಾಂಡಿನವರಿಗೆ ಅವನು "ಪೊರ್ಬು". ತುಳುವರು ಕ್ರೈಸ್ತ ಹಿರಿಯರನ್ನು ಹಾಗೆಯೇ ಕರೆಯುವುದು. ಆಸ್ಪತ್ರೆಗೆ ಬಂದವರಿಗೆ ಅವನು "ಡ್ರೈವರ್". ಕಾರ್ಕಳದಲ್ಲಿದ್ದ ನಾದಿನಿ ರೋಸಿಗೆ "ಭಾವ". ಕೆಲವು ದಿನ ಅವನು ಸಂತ ಅಂತೋನಿಯವರೊಡನೆ ಜಗಳವಾಡುವಾಗ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿದ್ದ, ಮರೆತುಹೋಗಬಾರದಲ್ಲ.

ವಾರಕ್ಕೊಮ್ಮೆ ಮಾತ್ರ ಆ ಕಾರಿನಲ್ಲಿ ಮಾತು ಕೇಳುತ್ತಿತ್ತು. ಬುಧವಾರ. ಹೂಡೆಯ ಅಮ್ಮಣ್ಣಿಯ ದಿನ.

ಅಮ್ಮಣ್ಣಿ ಮೀನು ಮಾರಿ ಮಗನನ್ನು ಬೆಳೆಸಿದ ಹೆಂಗಸು. ನಲವತ್ತು ವರ್ಷ ಬುಟ್ಟಿ ಹೊತ್ತು ಎರಡೂ ಮೊಣಕಾಲು ಸವೆದಿದ್ದವು. ಬೊಂಬಾಯಿಯಲ್ಲಿದ್ದ ಮಗ ಹೂವಪ್ಪ, "ಬಸ್ಸು ಹತ್ತುವುದು ಬೇಡ, ಕಾರಿನಲ್ಲಿ ಹೋಗು" ಎಂದು ಕಜೆಟನ್‌ನನ್ನು ಗೊತ್ತು ಮಾಡಿ ಹೋಗಿದ್ದ. ಪ್ರತಿ ಬುಧವಾರ ಬೆಳಿಗ್ಗೆ ಎಂಟಕ್ಕೆ ಇವನು ಹೂಡೆಯಲ್ಲಿ ಅವಳ ಮನೆಯ ಮುಂದೆ ಎರಡು ಸಲ ಹಾರ್ನ್ ಹೊಡೆಯಬೇಕು, ಇಳಿದು ಹಿಂದಿನ ಬಾಗಿಲು ತೆರೆಯಬೇಕು, ಮಣಿಪಾಲಕ್ಕೆ ಕರೆತಂದು ಮೊಣಕಾಲಿಗೆ ಕರೆಂಟಿನ ಚಿಕಿತ್ಸೆ ಕೊಡಿಸಿ ವಾಪಸು ಬಿಡಬೇಕು. ಒಂದು ವರ್ಷದಿಂದ ಹೀಗೆ ನಡೆದಿತ್ತು.

ಅಬ್ಬಬ್ಬ, ಆ ಹೆಂಗಸಿನ ಬಾಯಿ! ಕೆಮ್ಮಣ್ಣು ದಾಟುವಷ್ಟರಲ್ಲಿ ಮೀನಿನ ದರ, ಸಂತೆಕಟ್ಟೆ ಬರುವಷ್ಟರಲ್ಲಿ ಸೊಸೆಯ ಗುಣ, ಉಡುಪಿ ಬರುವಷ್ಟರಲ್ಲಿ ದೇಶದ ರಾಜಕೀಯ. ಇವನದು ಬರೀ ಹ್ಞೂಂ. ಆದರೆ ಮಂಗಳವಾರ ಮಲಗುವಾಗ ಅವನು ಅಂಗಿಗೆ ಇಸ್ತ್ರಿ ಹಾಕಿಟ್ಟು ಮಲಗುತ್ತಿದ್ದ ಎಂದರೆ ಆ ಹ್ಞೂಂನ ಬೆಲೆ ನಿಮಗೆ ತಿಳಿಯಬಹುದು.

ಮೊದಲನೆಯ ತಿಂಗಳಲ್ಲೇ ಅವಳು ಕೇಳಿದ್ದಳು, "ಪೊರ್ಬುಗಳೇ, ನಿಮಗೆ ಮನೆಯಲ್ಲಿ ಯಾರುಂಟು?"

"ಯಾರೂ ಇಲ್ಲ."

"ಊಟ?"

"ಇಲ್ಲೇ, ಕಾರಿನಲ್ಲಿ."

ಅವಳು ಬಾಗಿ ಮುಂದಿನ ಸೀಟಿನ ಮೇಲಿದ್ದ ಕ್ಯಾರಿಯರನ್ನು ನೋಡಿದಳು. ಮತ್ತೆ, "ನಿಮ್ಮ ಹೆಸರೆಂತ?" ಎಂದಳು.

"ಕಜೆಟನ್."

"ಇನ್ನೊಮ್ಮೆ ಹೇಳಿ." ಮೂರು ಸಲ ಹೇಳಿಸಿದಳು. ಉಡುಪಿಯವರೆಗೂ ಬಾಯೊಳಗೇ ಉರು ಹೊಡೆದಳು. ಕಜೆಟನ್‌ಗೆ ಒಳಗೊಳಗೇ ಹಿಗ್ಗು. ಮುಂದಿನ ಬುಧವಾರ ಹೊಸ ಬ್ಲೇಡಿನಲ್ಲಿ ಗಡ್ಡ ಹೆರೆದು ಹೋದ. ಅವಳು ಕಾರು ಹತ್ತಿ ಕೂತು, "ಹೊರಡುವ ಅಲ್ವಾ ಪೊರ್ಬುಗಳೇ?" ಎಂದಳು. ಅದರ ಮುಂದಿನ ವಾರವೂ ಪೊರ್ಬುಗಳೇ. ಕರೆಯುವುದಿಲ್ಲವೆಂದ ಮೇಲೆ ಕೇಳಿದ್ದೇಕೆ? ಅವನಿಗೆ ಬೇಸರವಾಯಿತು, ಆದರೆ ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಲಾಗುತ್ತದೆಯೇ?

ಇರಲಿ, ಜಿರಳೆಗೆ ಬರುತ್ತೇನೆ. ಸಂತರ ತಲೆಯ ಮೇಲೆ ಬಂದದ್ದು ದೂತ ಮಾತ್ರ. ಡಿಸೆಂಬರು ಬರುವಷ್ಟರಲ್ಲಿ ಇಡೀ ಸೈನ್ಯ ಬಿಡಾರ ಹೂಡಿತ್ತು. ಗ್ಲೋವ್ ಬಾಕ್ಸು ತೆರೆದರೆ ಪುಳುಪುಳು, ಮ್ಯಾಟು ಎತ್ತಿದರೆ ಪುಳುಪುಳು. ಹೆಡ್‌ಲೈಟು ಹಾಕಿದರೆ ಸ್ಪೀಡೋಮೀಟರಿನ ಗಾಜಿನೊಳಗೆ ಒಂದು ಮರಿ ಮೂವತ್ತರಿಂದ ಅರವತ್ತಕ್ಕೆ ನಡೆದುಕೊಂಡು ಹೋಗುತ್ತಿತ್ತು. ಸ್ಟ್ಯಾಂಡಿನಲ್ಲಿ ಅವನ ಹಿಂದೆಯೇ ಕಾರು ನಿಲ್ಲಿಸುತ್ತಿದ್ದ ವಾಸು, "ಪೊರ್ಬುಗಳೇ, ನಿಮ್ಮ ಗಾಡಿಗೆ ಪರ್ಮಿಟ್ ಐದು ಜನಕ್ಕೆ. ಆರ್‌ಟಿಓ ನೋಡಿದರೆ ಕೇಸು ಉಂಟು" ಎಂದು ಚುಡಾಯಿಸಿದ.

ಔಷಧಿ ಹೇಳುವವರಿಗೇನು ಬರವೇ? ಡಿಡಿಟಿ ಹೊಡೆದ, ತಾನೇ ಎರಡು ದಿನ ಕೆಮ್ಮಿದ. ಸೀಮೆಎಣ್ಣೆ ಸವರಿದ, ಪ್ಯಾಸೆಂಜರು ಬೀಡಿ ಹಚ್ಚಲು ಹೆದರಿದರು, ಜಿರಳೆಗಳು ಹೆದರಲಿಲ್ಲ. ಗೋಧಿ ಹಿಟ್ಟಿಗೆ ಬೋರಿಕ್ ಪುಡಿ, ಸಕ್ಕರೆ ಕಲಸಿ ಗುಳಿಗೆ ಇಟ್ಟ. ಅದನ್ನು ಅವು ಮೂಸಿಯೂ ನೋಡಲಿಲ್ಲ. ಇದಕ್ಕಿಂತ ರುಚಿಯಾದದ್ದು ಎಲ್ಲೋ ಸಿಗುತ್ತಿದೆ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾರ್ಕಳಕ್ಕೆ ಬಾಡಿಗೆ ಹೋದಾಗ ರೋಸಿ ಒಂದು ಹೇಂಟೆಯನ್ನೇ ಕೊಟ್ಟಳು. "ಒಳಗೆ ಬಿಡಿ ಭಾವ, ಎರಡು ದಿನದಲ್ಲಿ ಗುಡಿಸಿ ಹಾಕುತ್ತದೆ." ಹೇಂಟೆ ಮೂರು ಜಿರಳೆ ತಿಂದಿತು, ಸ್ಟಿಯರಿಂಗಿನ ಮೇಲೆ ನಿದ್ದೆ ಮಾಡಿತು, ಕ್ಲಚ್ಚಿನ ಹತ್ತಿರ ಮೊಟ್ಟೆ ಇಟ್ಟಿತು, ಉಳಿದ ಕಡೆಯೆಲ್ಲ ಇನ್ನೊಂದನ್ನು ಇಟ್ಟಿತು. ಅದನ್ನು ವಾಪಸು ಬಿಡಲು ಹೋದಾಗ ರೋಸಿ ಗಂಭೀರವಾಗಿ, "ಮನೆಯಲ್ಲಿ ಕೂತು ಊಟ ಮಾಡಿ ಭಾವ. ಅಷ್ಟೇ ಇದಕ್ಕೆ ಮದ್ದು" ಎಂದಳು. ಅವನಿಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು ಸಣ್ಣದಲ್ಲ.

ಕೊನೆಗೆ ಒಂದು ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಕಾಪುವಿಗೆ ಹೋದ. ದೀಪಸ್ತಂಭದ ಹತ್ತಿರ, ಬಟಾಬಯಲಿನ ಬಿಸಿಲಿನಲ್ಲಿ ನಾಲ್ಕು ಬಾಗಿಲೂ ಡಿಕ್ಕಿಯೂ ತೆರೆದಿಟ್ಟು, ತಾನು ಬಂಡೆಯ ನೆರಳಿನಲ್ಲಿ ಕೂತ. ಕಬ್ಬಿಣ ಕಾದಂತೆ ಜಿರಳೆಗಳು ಒಂದೊಂದಾಗಿ ಮರಳಿಗೆ ಇಳಿದವು. ಕಾಗೆಗಳಿಗೆ ಹಬ್ಬ. ಹೊಸದಾಗಿ ಮದುವೆಯಾದ ಒಂದು ಜೋಡಿ ಬಂದು, ಕ್ಯಾಮೆರಾ ಕೊಟ್ಟು, "ಒಂದು ಫೋಟೋ ತೆಗೆಯುತ್ತೀರಾ?" ಎಂದಿತು. ತೆಗೆದುಕೊಟ್ಟ. ಅವರು ಹೋದ ಮೇಲೆ ಸಮುದ್ರ ಬಹಳ ದೊಡ್ಡದಾಗಿ ಕಂಡಿತು. ಬಿಸಿಲು ಇಳಿದು ಗಾಳಿ ತಂಪಾದಾಗ ನೋಡುತ್ತಾನೆ, ಕಾಗೆಯ ಬಾಯಿಗೆ ಸಿಗದೆ ಉಳಿದವು ಸಾಲುಗಟ್ಟಿ ಟಯರು ಹತ್ತಿ ಒಳಗೆ ಹೋಗುತ್ತಿವೆ. "ನೀವಾದರೂ ಬಿಟ್ಟು ಹೋಗುವುದಿಲ್ಲ ಅಲ್ವಾ" ಎಂದ, ಚಪ್ಪಲಿ ಎತ್ತದೆ.

ಹಿಂದಿನ ಸೀಟನ್ನು ಮಾತ್ರ ಅವನು ಕೀಳಲಿಲ್ಲ. ಅದರ ಹಸಿರು ರೆಕ್ಸಿನ್ನು ಬರ್ತಾ ಆರಿಸಿದ್ದು. ಉಡುಪಿಯ ಅಂಗಡಿಯಲ್ಲಿ ಅರ್ಧ ದಿನ ನಿಂತು, ಈ ಬಣ್ಣವೇ ಆಗಬೇಕೆಂದು ಹಟ ಹಿಡಿದು ಹೊಲಿಸಿದ್ದು. ಸುತ್ತ ಚೌಕಟ್ಟಿಗೆ ಮೊಳೆ ಬಡಿದು ಕೂರಿಸಿದ್ದ ಸೀಟು, ಕಿತ್ತರೆ ಹರಿಯುತ್ತದೆ. ಬೇಡ ಎಂದು ಬಿಟ್ಟಿದ್ದ.

ಜನವರಿಯ ಆ ಬುಧವಾರ ಬೆಳಿಗ್ಗೆ ಆರಕ್ಕೇ ಒಂದು ಬಾಡಿಗೆ ಸಿಕ್ಕಿತ್ತು. ಹಸುಗೂಸನ್ನು ಎತ್ತಿಕೊಂಡ ಒಬ್ಬ ತಾಯಿ. ಪರ್ಕಳದ ಹತ್ತಿರ ಮಗುವಿನ ಟೊಪ್ಪಿಯಿಂದ ಜಿರಳೆ ಹೊರಟಿತು. ಆಕೆ ಕಿರುಚಿ, ನಡುರಸ್ತೆಯಲ್ಲಿ ಇಳಿದು, "ಇದು ಕಾರಾ, ಕಕ್ಕಸಾ? ನಾಚಿಕೆ ಆಗುವುದಿಲ್ವಾ ನಿಮಗೆ?" ಎಂದು ಹತ್ತು ಜನರ ಎದುರು ಕೇಳಿದಳು. ಕಜೆಟನ್ ತಲೆ ತಗ್ಗಿಸಿ ನಿಂತ. ಅದೇ ಉರಿಯಲ್ಲಿ ಹೂಡೆಗೆ ಹೋದ, ಅದೇ ಉರಿಯಲ್ಲಿ ಅಮ್ಮಣ್ಣಿಯನ್ನು ಆಸ್ಪತ್ರೆಗೆ ಕರೆತಂದ. ವಾಪಸು ಬಿಡುವಾಗ, ಸಂತೆಕಟ್ಟೆಯಲ್ಲಿ ಎಮ್ಮೆ ಅಡ್ಡ ಬಂದು ಕಾರು ನಿಂತಿತು. ಕನ್ನಡಿಯಲ್ಲಿ ಕಂಡಿತು: ಅಮ್ಮಣ್ಣಿ ಸೆರಗಿನ ಗಂಟಿನಿಂದ ಎಂತದೋ ಬಾಳೆಲೆಯ ಪೊಟ್ಟಣ ತೆಗೆದು, ಅತ್ತಿತ್ತ ನೋಡಿ, ಸೀಟಿನ ಸಂದಿಯೊಳಗೆ ತುರುಕುತ್ತಿದ್ದಾಳೆ.

"ಓಹೋ!" ಕಜೆಟನ್ ತಿರುಗಿದ. "ನೀವಾ ಇದು ಮಾಡುವುದು? ತಿಂದುಳಿದದ್ದನ್ನೆಲ್ಲ ತುರುಕಲಿಕ್ಕೆ ನನ್ನ ಕಾರು ಎಂತ ನಿಮ್ಮ ಮೀನಿನ ಬುಟ್ಟಿಯಾ?"

ಅಮ್ಮಣ್ಣಿಯ ಕೈ ಸಂದಿಯಲ್ಲೇ ನಿಂತಿತು. "ಅಲ್ಲ ಪೊರ್ಬುಗಳೇ, ಅದು..."

"ನನ್ನ ಹೊಟ್ಟೆಗೆ ಮಣ್ಣು ಹಾಕುವುದು ನೀವೇ! ನಾನು ಊರೆಲ್ಲ ಔಷಧಿ ಕೇಳುತ್ತಾ ತಿರುಗುತ್ತೇನೆ!"

ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಆ ಬಾಯಿ! ಸಂತೆಕಟ್ಟೆಯಿಂದ ಹೂಡೆಯವರೆಗೆ ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮನೆಯ ಮುಂದೆ ಇವನು ಇಳಿದು ಬಾಗಿಲು ತೆರೆಯಲಿಲ್ಲ. ಅವಳೇ ತೆರೆದು, ಬಾಗಿಲಿನ ಅಂಚು ಹಿಡಿದು, ಒಂದು ಕಾಲು ಇಳಿಸಿ, ಉಸಿರು ತೆಗೆದುಕೊಂಡು ಇನ್ನೊಂದು ಕಾಲು ಇಳಿಸಿದಳು. "ಬರುತ್ತೇನೆ" ಎಂದಳು. ಇವನು ಗೇರು ಹಾಕಿದ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಕೆಮ್ಮಣ್ಣು ದಾಟುವಷ್ಟರಲ್ಲಿ ಅವನಿಗೆ ಪಶ್ಚಾತ್ತಾಪ ಶುರುವಾಗಿತ್ತು. ಆದರೆ ಕಾರು ತಿರುಗಿಸಲು ಹೆಮ್ಮೆ ಬಿಡಲಿಲ್ಲ. ಮುಂದಿನ ಬುಧವಾರ ಅಂಗಿಗೆ ಇಸ್ತ್ರಿಯೇನೋ ಹಾಕಿದ, ಹೋಗಲಿಲ್ಲ. ಅವಳೇ ಹೇಳಿ ಕಳಿಸಲಿ ಎಂದು ಸ್ಟ್ಯಾಂಡಿನಲ್ಲಿ ಕೂತ. ಹನ್ನೊಂದಕ್ಕೆ ವಾಸುವಿನ ಕಾರು ಬಂತು, ಅದರಿಂದ ಅಮ್ಮಣ್ಣಿ ಇಳಿದಳು. ಇವನ ಕಡೆಗೇ ನೋಡಿದಳು. ಕಜೆಟನ್ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿದ. ಅದರಲ್ಲಿ ಒಂದಕ್ಷರವೂ ಕಾಣಿಸಲಿಲ್ಲ. ಅದರ ಮುಂದಿನ ಬುಧವಾರ ಅವಳು ಯಾವ ಕಾರಿನಲ್ಲೂ ಬರಲಿಲ್ಲ.

ಆ ಬುಧವಾರ ಕತ್ತಲಾಗುವವರೆಗೂ ಗೇಟು ನೋಡುತ್ತಾ ಕೂತಿದ್ದ. ಯಾರಿಗಾಗಿ ಈ ಸೀಟನ್ನು ಕಾಪಾಡುವುದು ಎಂದು ಆಗ ಅನ್ನಿಸಿತು. ಶನಿವಾರ ಸ್ಟ್ಯಾಂಡಿನಲ್ಲೇ ಇಕ್ಕಳ ತಂದು ಮೊಳೆ ಕಿತ್ತ. ವಾಸು ಒಂದು ಬದಿ ಹಿಡಿದ. ರೆಕ್ಸಿನ್ನು ಪರ್ರೆಂದು ಹರಿಯಿತು. ಸೀಟು ಎತ್ತಿದರೆ, ದೇವರೇ, ನೆಲವೇ ನಡೆಯತೊಡಗಿತು. ಇಬ್ಬರೂ ಹಾರಿ ಹಿಂದೆ ಸರಿದರು. ಪೊರಕೆಯಿಂದ ಬಡಿದು, ನೀರು ಹೊಯ್ದು, ಎಲ್ಲ ಅಡಗಿದ ಮೇಲೆ ಬಗ್ಗಿ ನೋಡಿದರೆ ಕಜೆಟನ್‌ನ ಅನ್ನದ ಅಗುಳು, ಮೀನಿನ ಮುಳ್ಳು ಇದ್ದವು. ಅವುಗಳ ನಡುವೆ ಒಣಗಿ ಕಂದಾದ ಬಾಳೆಲೆಯ ಪೊಟ್ಟಣಗಳು. ಒಂದರ ಮೇಲೊಂದು, ಮೂಲೆಯ ತುಂಬ. ಒಂದೇ ಅಳತೆ, ನಾಲ್ಕೂ ಮೂಲೆ ಮಡಚಿ ಬಾಳೆನಾರಿನಲ್ಲಿ ಕಟ್ಟಿದವು.

"ನೋಡು, ನೋಡು ಆ ಹೆಂಗಸಿನ ಕೆಲಸ!" ಎಂದ ಕಜೆಟನ್.

ವಾಸು ಒಂದನ್ನು ಬಿಚ್ಚಿದ. ಜಿರಳೆ ತಿಂದು ಬಿಟ್ಟ ಬೆಲ್ಲದ ಅಂಟು, ನಾಲ್ಕು ಎಳ್ಳು, ಒಣಗಿದ ತುಳಸಿ, ಚಿಟಿಕೆ ಗಂಧ. ವಾಸು ತಟ್ಟನೆ ಕಾಲಿನ ಚಪ್ಪಲಿ ಕಳಚಿದ.

"ಇದು ತಿಂದುಳಿದದ್ದಲ್ಲ ಪೊರ್ಬುಗಳೇ. ಪ್ರಸಾದ. ಭಜನಾ ಮಂದಿರದ ಪಂಚಕಜ್ಜಾಯ. ಬೆಲ್ಲ, ಕಡಲೆ, ಕಾಯಿ, ಎಳ್ಳು... ಒಂದು ತುಂಡೂ ತಿನ್ನದೆ ಕಟ್ಟಿಕೊಂಡು ಬಂದದ್ದು ಇದು."

"ಪ್ರಸಾದ ನನ್ನ ಕಾರಿನಲ್ಲಿ ಯಾಕೆ ಇಡುವುದು?"

"ನನಗೆಂತ ಗೊತ್ತು? ನೀವು ಅವರನ್ನೇ ಕೇಳಿ." ವಾಸು ಪೊಟ್ಟಣವನ್ನು ಮತ್ತೆ ಮಡಚುತ್ತಾ ಹೇಳಿದ, "ಆ ದಿನ ನಾನು ಹೂಡೆಯಲ್ಲಿ ಬಾಡಿಗೆ ಇಳಿಸಿ ಬರುವಾಗ ಅವರು ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ನಿಮ್ಮನ್ನು ಕಾಯುವುದಂತೆ. ಹತ್ತು ಗಂಟೆಯಾಗಿತ್ತು. ನಾನೇ ಒತ್ತಾಯ ಮಾಡಿ ಕರೆತಂದದ್ದು. ಹೇಳಲಿಕ್ಕೆ ಬಂದರೆ ನೀವು ಪೇಪರು ಇಳಿಸಲಿಲ್ಲ ಮಾರಾಯ್ರೆ."

ಕಜೆಟನ್ ಆ ಪೊಟ್ಟಣಗಳನ್ನು ಕಸಕ್ಕೆ ಎಸೆಯಲಾರದೆ, ಆಸ್ಪತ್ರೆಯ ಕಾಂಪೌಂಡಿನ ಹೊರಗಿದ್ದ ಮಾವಿನ ಮರದ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದ. ಕಾರನ್ನು ಮೂರು ಸಲ ತೊಳೆದ. ಹರಿದ ರೆಕ್ಸಿನ್ನನ್ನು ತಾನೇ ದಬ್ಬಳದಲ್ಲಿ ಹೊಲಿದ, ಓರೆಕೋರೆಯಾಯಿತು. ಬುಧವಾರಕ್ಕೆ ಕಾಯುವುದು ಅವನಿಗೆ ಬಹಳ ಕಷ್ಟವಾಯಿತು.

ಎಂಟಕ್ಕೆ ಐದು ನಿಮಿಷವಿರುವಾಗಲೇ ಹೂಡೆಯಲ್ಲಿ ಎರಡು ಹಾರ್ನ್ ಹೊಡೆದ. ಇಳಿದು ಹಿಂದಿನ ಬಾಗಿಲು ತೆರೆದು ಹಿಡಿದು ನಿಂತ. ಬಾಯಲ್ಲಿ ಮಾತನ್ನು ಜೋಡಿಸಿಕೊಂಡಿದ್ದ: ತಪ್ಪಾಯಿತು ಅಮ್ಮಾ, ನನ್ನ ನಾಲಗೆಗೆ ಬೆಂಕಿ ಬೀಳಲಿ. ಮನೆಯ ಬಾಗಿಲಿಗೆ ಬೀಗ ಇತ್ತು. ಪಕ್ಕದ ಮನೆಯಿಂದ ಬಲೆ ಹೆಣೆಯುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದಳು. ಅಕ್ಕು ಎಂದು ಅವಳ ಹೆಸರು.

"ಅಮ್ಮಣ್ಣಿ ಇಲ್ಲ. ಭಾನುವಾರ ಮಗ ಬಂದು ಬೊಂಬಾಯಿಗೆ ಕರೆದುಕೊಂಡು ಹೋದ. ಇನ್ನು ಅಲ್ಲಿಯೇ ಅಂತೆ." ಅವಳು ಕಾರನ್ನೂ ಅವನನ್ನೂ ನೋಡಿದಳು. "ನೀವೇ ಕಜೆಟನ್ ಅಲ್ವಾ?"

ಮೂರು ವರ್ಷದಿಂದ ಆ ಹೆಸರು ಇನ್ನೊಬ್ಬರ ಬಾಯಿಂದ ಹೀಗೆ ಬಿದ್ದದ್ದಿಲ್ಲ. "ನಿಮಗೆ ಹೇಗೆ ಗೊತ್ತು?"

"ಎಂತ ಕೇಳುತ್ತೀರಿ! ಹೂಡೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ಪ್ರತಿ ಮಂಗಳವಾರ ಮಂದಿರದಲ್ಲಿ ಭಜನೆ ಮುಗಿದ ಮೇಲೆ ಪಂಚಕಜ್ಜಾಯ ಹಂಚುವಾಗ ಹೆಸರು ಹೇಳುತ್ತಾರಲ್ಲ, ಯಾರ ಹೆಸರಿನಲ್ಲಿ ಸೇವೆ ಅಂತ. ಒಂದು ವರ್ಷದಿಂದ ನಿಮ್ಮದೇ. ಅಮ್ಮಣ್ಣಿ ಕೊಡುವುದು. ಮೊದಲು ಕೆಲವರು ಕೇಳಿದರು, ಇದೆಂತ, ಇಗರ್ಜಿಯವರ ಹೆಸರು? ಅವಳು ಬಿಡಲಿಲ್ಲ. ಹೆಸರು ಹೇಳಲಿಕ್ಕೆ ಮನೆಯಲ್ಲಿ ಯಾರೂ ಇಲ್ಲದ ಮನುಷ್ಯ, ವಾರಕ್ಕೊಮ್ಮೆ ನಾವು ಹೇಳಿದರೆ ದೇವರಿಗೆ ಭಾರವಾ, ಅಂತ ಜಗಳ ಮಾಡಿದಳು."

ಕಜೆಟನ್ ತೆರೆದ ಬಾಗಿಲಿನಲ್ಲಿ, ಅವಳು ಕೂರುತ್ತಿದ್ದ ಸೀಟಿನ ಅಂಚಿನಲ್ಲಿ ಕೂತ. "ನನ್ನ ಕೈಯಲ್ಲಿ ಯಾಕೆ ಕೊಡಲಿಲ್ಲ?"

"ನಾನೂ ಕೇಳಿದೆ. ಕೊಟ್ಟರೆ ಬೇಡ ಅಂದರೆ ಪ್ರಸಾದಕ್ಕೆ ಅವಮಾನ, ತಿಂದರೆ ಅವರ ಪಾದ್ರಿಗಳು ಬೈದಾರು, ಪಾಪ ಯಾಕೆ ಧರ್ಮಸಂಕಟ, ಅವರ ಕಾರಿನಲ್ಲಿ ಇದ್ದರೆ ಸಾಕು ಅಂದಳು. ಹೋಗುವ ಮೊದಲು ಎರಡು ಬುಧವಾರ ಆ ಮೋರಿಯ ಮೇಲೆ ಕೂತು ನಿಮ್ಮ ಹಾರ್ನಿಗೆ ಕಾದಳು."

"ಬೊಂಬಾಯಿಯ ವಿಳಾಸ ಉಂಟಾ?"

"ನನಗೆ ಓದಲಿಕ್ಕೆ ಬರುವುದಿಲ್ಲ, ಅವಳಿಗೆ ಬರೆಯಲಿಕ್ಕೆ ಬರುವುದಿಲ್ಲ. ವಿಳಾಸ ಎಂತದ್ದು?" ಎಂದು ಅಕ್ಕು ಒಳಗೆ ಹೋಗಿ ಬಾಳೆಲೆಯ ಪೊಟ್ಟಣವೊಂದನ್ನು ತಂದಳು. "ನಿನ್ನೆಯದು. ವರ್ಷವಿಡೀ ನಿಮ್ಮ ಹೆಸರಿನಲ್ಲಿ ಆಗಬೇಕು ಅಂತ ಮಂದಿರದಲ್ಲಿ ಹೇಳಿ ಹೋಗಿದ್ದಾಳೆ. ನಿಮಗೆ ಬೇಡ ಆದರೆ ಹೇಳಿ, ನಾನು ಮಕ್ಕಳಿಗೆ ಕೊಡುತ್ತೇನೆ."

"ಬೇಕು" ಎಂದ ಕಜೆಟನ್.

ಅದನ್ನು ಅವನು ಸಂದಿಯಲ್ಲಿ ಇಡಲಿಲ್ಲ, ಕಾರಿನಲ್ಲಿ ತಿನ್ನಲೂ ಇಲ್ಲ. ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಹಿರಿಯಡ್ಕಕ್ಕೆ ಹೋದ. ಮೇಜಿನ ಧೂಳು ಒರೆಸಿ, ಬಟ್ಟಲಿಗೆ ಹಾಕಿ, ಶಿಲುಬೆಯ ಗುರುತು ಮಾಡಿ ತಿಂದ. ಎರಡನೆಯ ಕುರ್ಚಿ ಇದ್ದಲ್ಲೇ ಇತ್ತು. ಬೆಲ್ಲ ಸಿಹಿಯಾಗಿತ್ತು, ಅವನಿಗೆ ಅಳು ಬಂತು, ಅತ್ತ.

ಮುಂದಿನ ಮಂಗಳವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನ ಅಂಬಾಸಿಡರು ಹೂಡೆಯ ಭಜನಾ ಮಂದಿರದ ಎದುರು, ರಸ್ತೆಯ ಆಚೆ ಬದಿಯಲ್ಲಿ ನಿಂತಿತ್ತು. ಒಳಗೆ ತಾಳ, ಹಾರ್ಮೋನಿಯಂ. ಕಾರಿನೊಳಗೆ ಈಗ ಅವನೊಬ್ಬನೇ, ಒಂದು ಜಿರಳೆಯೂ ಇಲ್ಲ. ಗಾಜು ಇಳಿಸಿ ಕೂತ. ಸಂತ ಅಂತೋನಿಯವರ ಮುಖ ನೋಡಲು ಸ್ವಲ್ಪ ಸಂಕೋಚವಾಯಿತು.

ಭಜನೆ ನಿಂತಿತು. ಮೈಕಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. "ಇವತ್ತಿನ ಪಂಚಕಜ್ಜಾಯ ಸೇವೆ, ಅಮ್ಮಣ್ಣಿಯವರಿಂದ, ಟ್ಯಾಕ್ಸಿಯ ಕಜೆಟನ್ ಅವರ ಹೆಸರಿನಲ್ಲಿ."

"ಆಯ್ಲೊಂ" ಎಂದ ಅವನು.

ಈ ಸಲ ಹದಿನೈದು ನಿಮಿಷ ತಡಮಾಡಲಿಲ್ಲ. ಬಾಗಿಲು ತೆರೆದು ಇಳಿದ, ರಸ್ತೆ ದಾಟಿದ, ಮಂದಿರದ ಅಂಗಳದಲ್ಲಿ ಚಪ್ಪಲಿ ಬಿಟ್ಟು ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು ಎರಡೂ ಕೈ ಒಡ್ಡಿದ.